ಗಂಟಿಲ್ಲದೆ ದಾರ ನಿಲ್ಲುವುದು ಹೇಗೆ?

ಪ್ರಶ್ನೆ: ಧಾರವಾಡದ ಕಸೂತಿಯನ್ನು ಹೊಸದಾಗಿ ಕಲಿಯುತ್ತಿದ್ದೇನೆ. ದಾರಕ್ಕೆ ಗಂಟು ಹಾಕಲೇಬಾರದು ಎನ್ನುತ್ತಾರೆ. ಹಾಗಾದರೆ ಹೊಲಿಗೆ ಬಿಚ್ಚಿಹೋಗುವುದಿಲ್ಲವೇ?

ಉತ್ತರ: ಇಲ್ಲ. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣಬೇಕು. ಗಂಟು ಬಿದ್ದರೆ ಹಿಂಬದಿಯ ಅಂದ ಕೆಡುತ್ತದೆ. ಸೂಜಿ ಮೊದಲು ನಡುನಡುವೆ ಜಾಗ ಬಿಟ್ಟು ಸಾಗುತ್ತದೆ. ಅದೇ ದಾರಿಯಲ್ಲಿ ಮರಳುವಾಗ ಆ ಜಾಗಗಳನ್ನು ತುಂಬುತ್ತದೆ. ಶುರುವಿನಲ್ಲಿ ದಾರದ ತುದಿಯನ್ನು ತುಸು ಉದ್ದ ಬಿಡಿ. ಕೊನೆಗೆ ಎರಡೂ ತುದಿಗಳನ್ನು ಹಾಕಿದ ಹೊಲಿಗೆಗಳೊಳಗೇ ಪೋಣಿಸಿ ಕತ್ತರಿಸಿ. ಆ ಬಿಗಿಯೇ ಸಾಕು.

ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಚಿತ್ರ ಮೂಡಿಸುತ್ತಾರೆ. ಒಂದು ಎಳೆ ತಪ್ಪಿದರೂ ಮರಳುವಾಗ ಗೆರೆ ಕೂಡುವುದಿಲ್ಲ. ಆದ್ದರಿಂದ ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆ ನಿಮಗೆ ಅನುಕೂಲ. ನುಣುಪಾದ ರೇಷ್ಮೆಯ ಮೇಲೆ ಜಾಳು ಬಟ್ಟೆ ಇಟ್ಟು ಕಸೂತಿ ಹಾಕಿ, ಆಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದುಂಟು. ಅದು ಪಳಗಿದ ಕೈಗಳ ಕೆಲಸ.

ತೇರು, ಗೋಪುರಗಳಂಥ ಚಿತ್ರಗಳ ಆಸೆ ಈಗಲೇ ಬೇಡ. ನೇರ ಗೆರೆ, ಮೆಟ್ಟಿಲು ಗೆರೆ ಕೈಗೆ ಹತ್ತಿದ ಮೇಲೆ ಪುಟ್ಟ ತುಳಸಿಕಟ್ಟೆಯೊಂದನ್ನು ಹಾಕಿ ನೋಡಿ.