ಬೂಸ್ಟು ಹಿಡಿದ ಪೈಲಟ್‌ಗೆ ಹೊಸ ಮುಖ

ಮಲೆನಾಡಿನಲ್ಲಿ ಹಳೆಯ ಕೈಗಡಿಯಾರದ ಮುಖ ಮೊದಲು ಕೆಡುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದರೊಂದಿಗೆ ಪೈಪೋಟಿಗೆ ನಿಂತಿರುತ್ತದೆ. ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಸ್ಟು ಬರುವ ಸೀಮೆಯಲ್ಲಿ ವಾಚಿನ ಡಯಲ್ ಒಂದೇ ಹೇಗೆ ಉಳಿದೀತು? ಕೀಲಿ ತಿರುಪಿನ ಸಂದಿಯಿಂದ ತೇವ ಒಳಸೇರುತ್ತದೆ, ಗಾಜಿನ ಒಳಮೈ ಮಂಜಾಗುತ್ತದೆ, ಡಯಲಿನ ಬಣ್ಣ ಗುಳ್ಳೆಯೆದ್ದು ಅದರಡಿಯ ಹಿತ್ತಾಳೆ ಹಸಿರುಗಟ್ಟುತ್ತದೆ. ಯಂತ್ರಕ್ಕೆ ತುಕ್ಕು ಆಳವಾಗಿ ಇಳಿದಿಲ್ಲವಾದರೆ ಬಿಚ್ಚಿ ತೊಳೆದು ಎಣ್ಣೆ ಕೊಟ್ಟರೆ ಮತ್ತೆ ಓಡುತ್ತದೆ. ಮುಖ ಮಾತ್ರ ತೊಳೆದರೆ ಸರಿಹೋಗುವಂಥದ್ದಲ್ಲ. ವಾಚಿನ ಮಾರ್ಪಾಡು ಎಂಬ ಕಸುಬಿಗೆ ಕೆಲಸ ಹುಟ್ಟುವುದು ಇಲ್ಲಿಂದ.

ನಮ್ಮ ಕಡೆ ಹಾಗೆ ರಿಪೇರಿಗೆ ಬರುವ ಹಳೆಯ ವಾಚೆಂದರೆ ಬಹುಪಾಲು ಎಚ್‌ಎಂಟಿಯೇ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಕೆಗೆಂದು ಶುರುವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ಕಾರ್ಖಾನೆ ತೆರೆಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕಂಪನಿಯ ಮಾದರಿಗಳೆಂದರೆ ಜನತಾ, ಪೈಲಟ್, ಜವಾನ್, ಸೋನಾ, ಮದುವೆಯಲ್ಲಿ ಅಳಿಯನ ಕೈಗೆ ಏರುತ್ತಿದ್ದ ಕಾಂಚನ್. ಸಾಗರದಿಂದ ಹೊಸನಗರಕ್ಕೋ ತೀರ್ಥಹಳ್ಳಿಗೋ ಹೊರಡುವ ಖಾಸಗಿ ಬಸ್ಸಿನ ಕಂಡಕ್ಟರನಿಗೆ ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನೊಡನೆ ಜಗಳ ಖಚಿತ. ಅವನ ಕೈಗೆ ನಂಬಿಕೆಯ ವಾಚು ಬೇಕೇ ಬೇಕಿತ್ತು. ಅಡಿಕೆ ಸುಲಿಯುವವರು ಮಾತ್ರ ವಾಚು ಬಿಚ್ಚಿಟ್ಟೇ ಕೂರುತ್ತಿದ್ದರು, ಚೊಗರು ತಾಗಿದರೆ ಪಟ್ಟಿಯ ಗತಿ ಮುಗಿಯಿತು ಅಂತ.

ಈ ವಾಚುಗಳನ್ನು ಮಾರ್ಪಡಿಸುವುದು ಸುಲಭವಾಗಲು ಒಂದು ಕಾರಣವಿದೆ. ಜನತಾ, ಪೈಲಟ್, ಜವಾನ್ ಹೊರನೋಟಕ್ಕೆ ಬೇರೆ ಬೇರೆ. ಹಿಂದಿನ ಮುಚ್ಚಳ ತೆಗೆದರೆ ಬಹುತೇಕ ಒಂದೇ ಕುಟುಂಬದ ಯಂತ್ರ. ಹೆಚ್ಚಿನವುಗಳಲ್ಲಿ ಇರುವುದು 0231 ಸಂಖ್ಯೆಯದು. 17 ಹರಳು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ದಿನಕ್ಕೊಮ್ಮೆ ಕೀಲಿ ಕೊಟ್ಟರಾಯಿತು. ಡಯಲಿನ ಬೆನ್ನಿಗೆ ಎರಡು ಪುಟ್ಟ ಕಾಲುಗಳಿರುತ್ತವೆ. ಅವು ಯಂತ್ರದ ತೂತಿಗೆ ಇಳಿದು, ಪಕ್ಕದ ಸ್ಕ್ರೂಗಳಿಂದ ಬಿಗಿಯಾಗುತ್ತವೆ. ಕಾಲುಗಳ ಜಾಗ ಹೊಂದಿದರೆ ಒಂದರ ಮುಖ ಇನ್ನೊಂದರ ಮೈಗೆ ಕೂರುತ್ತದೆ.

ಸ್ವತಂತ್ರ ವಾಚುಗಾರ ಮಾಡುವುದು ಇದನ್ನೇ. ಕಣ್ಣಿಗೆ ಲೂಪ್ ಎಂಬ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದು, ಕೀಲಿ ಕಡ್ಡಿಯನ್ನು ಸಡಿಲಿಸಿ ಎಳೆದು, ಯಂತ್ರವನ್ನು ಹೊರತೆಗೆದು ಮುಳ್ಳುಗಳನ್ನು ಎತ್ತುತ್ತಾನೆ. ಹಾಳಾದ ಡಯಲಿನ ಬಣ್ಣ ಕೆರೆದು ಹೊಸದಾಗಿ ಸಿಂಪಡಿಸುತ್ತಾನೆ, ಅಂಕಿಗಳನ್ನು ಮೆತ್ತನೆಯ ರಬ್ಬರಿನ ಅಚ್ಚಿನಿಂದ ಒತ್ತುತ್ತಾನೆ. ಕೈ ನಡುಗಬಾರದ ಘಟ್ಟ ಬರುವುದು ಕೊನೆಯಲ್ಲಿ, ಮೂರು ಮುಳ್ಳುಗಳನ್ನು ಒಂದಕ್ಕೊಂದು ತಾಗದಂತೆ ಮರಳಿ ಕೂರಿಸುವಾಗ. ನಿಮಿಷದ ಮುಳ್ಳು ಗಂಟೆಯ ಮುಳ್ಳಿಗೆ ಕೂದಲೆಳೆಯಷ್ಟು ತಾಗಿದರೂ ಎರಡೂ ಒಂದರ ಮೇಲೊಂದು ಬರುವ ಹೊತ್ತಿಗೆ ವಾಚು ನಿಲ್ಲುತ್ತದೆ, ಗಿರಾಕಿ ಬಂದು ಜಗಳ ತೆಗೆಯುತ್ತಾನೆ.

ಇದನ್ನು ಹಗುರ ಕೆಲಸವೆನ್ನುವವರಿಗೆ ಜಾರ್ಜ್ ಡೇನಿಯಲ್ಸ್ ಕಥೆ ಹೇಳಬೇಕು. ಕಾರ್ಖಾನೆಯ ಹಂಗಿಲ್ಲದ ಈ ಇಂಗ್ಲಿಷ್ ವಾಚುಗಾರ 1970ರ ದಶಕದಲ್ಲಿ ಘರ್ಷಣೆ ತಗ್ಗಿಸುವ ಕೋ-ಆಕ್ಸಿಯಲ್ ಎಂಬ ಹೊಸ ವ್ಯವಸ್ಥೆ ಕಂಡುಹಿಡಿದ. ಸ್ವಿಸ್ ಕಂಪನಿಗಳಿಗೆ ಅದನ್ನು ಒಪ್ಪಿಸಲು ಅವರದೇ ವಾಚುಗಳನ್ನು ಬಿಚ್ಚಿ ಒಳಗೆ ತನ್ನದನ್ನು ಕೂರಿಸಿ ಅವರ ಮುಂದಿಟ್ಟ. ಒಮೆಗಾ ಅದನ್ನು ಮಾರುಕಟ್ಟೆಗೆ ತಂದದ್ದು 1999ರಲ್ಲಿ. ನಮ್ಮ ವಾಚುಗಾರ ಅಷ್ಟು ದೂರ ಹೋಗುವುದಿಲ್ಲ, ನಿಜ. ಕಂಪನಿ ಮುಗಿಸಿದ ಕೆಲಸ ಮುಗಿದಿಲ್ಲ ಎನ್ನುವ ಧೈರ್ಯವಂತೂ ಇಬ್ಬರದ್ದೂ ಒಂದೇ.

ತಕರಾರಿರುವುದು ಬೇರೆಡೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿ ಹಬ್ಬುತ್ತಲೇ ಜನಕ್ಕೆ ಹಳೆಯ ವಾಚಿನ ಮೇಲೆ ಪ್ರೀತಿ ಉಕ್ಕಿತು. ಬಳಸುವಾಗ ಇಲ್ಲದ ಪ್ರೀತಿ! ನಾಲ್ಕು ವಾಚುಗಳ ಬಿಡಿಭಾಗ ಕೂಡಿಸಿ, ಕಂಪನಿ ಎಂದೂ ಮಾಡದ ಗುಲಾಬಿ, ಕಿತ್ತಳೆ ಬಣ್ಣದ ಡಯಲ್ ಹಚ್ಚಿ, ‘ಅಪರೂಪದ ಅಸಲಿ ಪೈಲಟ್’ ಎಂದು ಮಾರುವ ದಂಧೆ ಬೆಳೆಯಿತು. ಸಂಗ್ರಾಹಕರು ಇಂಥದನ್ನು ಫ್ರಾಂಕೆನ್ ಎನ್ನುತ್ತಾರೆ, ಮೇರಿ ಶೆಲ್ಲಿಯ ಕಾದಂಬರಿಯ ಫ್ರಾಂಕೆನ್‌ಸ್ಟೈನ್ ನೆನಪಿನಲ್ಲಿ. ನನ್ನ ಮಟ್ಟಿಗೆ ಗುಲಾಬಿ ಡಯಲ್ ತಪ್ಪಲ್ಲ, ‘ಅಸಲಿ’ ಎಂಬ ಮಾತು ತಪ್ಪು. ಅಜ್ಜನ ಜನತಾಕ್ಕೆ ಮೊಮ್ಮಗಳು ತನಗಿಷ್ಟದ ಬಣ್ಣ ಹೊಡೆಸಿ ಕಟ್ಟಿಕೊಂಡರೆ ಯಾರ ಗಂಟು ಹೋಯಿತು? ದೇವನಾಗರಿ ಅಂಕಿಗಳ ಜನತಾವನ್ನು ಕಾರ್ಖಾನೆಯೇ ಮಾಡಿತ್ತು. ಹೇಗೂ ಹೊಸ ಮುಖ ಕೊಡುವುದಾದರೆ ೧೨, ೩, ೬, ೯ ಎಂದು ಕನ್ನಡ ಅಂಕಿಯಲ್ಲೇ ಬರೆಸಬಾರದೇಕೆ ಅನ್ನಿಸುತ್ತದೆ. ಆದರೆ ಕೆಡದ ಡಯಲನ್ನು ಫ್ಯಾಷನ್ನಿಗಾಗಿ ಕೆರೆಯುವುದನ್ನು ನಾನು ಒಪ್ಪಲಾರೆ. ಹಳದಿ ತಿರುಗಿದ ಬಿಳಿ ಡಯಲಿಗೆ ಅದರದೇ ಚೆಲುವಿದೆ, ಕೆರೆದದ್ದನ್ನು ಮತ್ತೆ ತರಲಾಗುವುದಿಲ್ಲ.

ಬಿಡಿಭಾಗದ ಕಷ್ಟವೂ ಇದೆ. ಹೊಸ ಸರಬರಾಜು ನಿಂತ ಮೇಲೆ ಒಂದು ವಾಚು ಓಡಬೇಕಾದರೆ ಇನ್ನೊಂದನ್ನು ಬಿಚ್ಚಬೇಕು. ಸಂಪೂರ್ಣ ಮೂಲ ಭಾಗಗಳೇ ಬೇಕೆಂಬ ಹಟ ಹಿಡಿದರೆ ಮಲೆನಾಡಿನ ಎಚ್‌ಎಂಟಿಗಳಲ್ಲಿ ಹೆಚ್ಚಿನವು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಕೊಳ್ಳುವವರು ನೋಡಬೇಕಾದ್ದು ಇಷ್ಟು. ಕ್ರೋಮ್ ಎದ್ದು ಗುಂಡಿಬಿದ್ದ ಕೇಸಿನೊಳಗೆ ಥಳಥಳಿಸುವ ಡಯಲ್ ಕಂಡರೆ ಅದು ಹೊಸ ಬಣ್ಣವೇ. ಡಯಲಿನ ಮೇಲಿನ ‘ಪ್ಯಾರಾ ಶಾಕ್’, ‘17 ಜ್ಯುವೆಲ್ಸ್’ ಎಂಬ ಅಕ್ಷರಗಳನ್ನು ಲೂಪಿನಲ್ಲಿ ನೋಡಿ. ಮರುಮುದ್ರಣದಲ್ಲಿ ಅವು ದಪ್ಪವಾಗಿ, ಅಂಚು ಒಡೆದು ಕಾಣುತ್ತವೆ. ಮುಚ್ಚಳ ಬಿಚ್ಚಿಸಿ. ಹಳೆಯ ವಾಚುಗಾರರು ಸರ್ವಿಸ್ ಮಾಡಿದ ತಾರೀಕನ್ನು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚುವ ರೂಢಿಯಿದೆ. ಮಾರ್ಪಾಡು ಮಾಡಿಸುವವರೂ ಏನೇನು ಬದಲಾಯಿತೆಂದು ಅಲ್ಲೇ ಗೀಚಿಸಿಕೊಳ್ಳಬಹುದು. ಕಾರ್ಖಾನೆಯಿಂದ ಹೊರಟಾಗ ಡಯಲ್ ಹೇಗಿತ್ತೆಂದು ನೋಡಬೇಕಿದ್ದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪಾರಂಪರಿಕ ಕೇಂದ್ರವಿದೆ. ಅಜ್ಜನ ವಾಚನ್ನು ಬಿಚ್ಚಲು ಕೊಡುವ ಮೊದಲೇ ಹೋಗಿ ಬನ್ನಿ.