ಒಬ್ಬ ಕವಿ, ಮೂರು ಹಾಡು, ಹಲವು ಕಂಠ

ಹಿಮಾಯತ್‌ನಗರದ ‘ಮಖ್ದೂಂ ಭವನ’ವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅದು ಕಮ್ಯುನಿಸ್ಟ್ ಪಕ್ಷದ ಕಚೇರಿ. ಆದರೆ ಆ ಹೆಸರಿನ ಕವಿಯ ಪ್ರೇಮಗೀತೆಗಳನ್ನು ತಾವು ರೇಡಿಯೋದಲ್ಲಿ ಕೇಳಿ ಗುನುಗಿರಬಹುದು ಎಂಬುದು ಎಲ್ಲರಿಗೂ ತಿಳಿದಿರಲಾರದು.

ಮಖ್ದೂಂ ಮೊಹಿಯುದ್ದೀನರು 1908ರಲ್ಲಿ ಮೇದಕ್ ಸೀಮೆಯ ಅಂದೋಲಿನಲ್ಲಿ ಹುಟ್ಟಿದರು. ಹೈದರಾಬಾದಿನ ಸಿಟಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು ಕೆಲಸ ಬಿಟ್ಟು ಕಾರ್ಮಿಕ ಸಂಘಗಳನ್ನು ಕಟ್ಟಲು ಹೊರಟರು. ಸೆರೆವಾಸವನ್ನೂ ಭೂಗತ ಜೀವನವನ್ನೂ ಕಂಡರು. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಆಗ ನಿಜಾಮರ ಸಂಸ್ಥಾನಕ್ಕೇ ಸೇರಿದ್ದುವು.

ಕೂಲಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡವನಿಗೆ ಪ್ರೇಮದ ಹಾಡು ಏತಕ್ಕೆ ಎಂದು ಯಾರಾದರೂ ಕೇಳಿಯಾರು. ಅವರ ಮೂರು ಕವಿತೆಗಳನ್ನು ಬೇರೆ ಬೇರೆ ಗಾಯಕರು ಹಾಡಿದ ಬಗೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ.

ಮೊದಲನೆಯದು ‘ಚಾರಾಗರ್’, ಎಂದರೆ ವೈದ್ಯ. ಮಲ್ಲಿಗೆಯ ಚಪ್ಪರದ ಕೆಳಗೆ ಇಬ್ಬರು ಪ್ರೇಮಿಗಳು ಒಲವಿನ ಉರಿಯಲ್ಲಿ ಬೇಯುತ್ತಾರೆ. ಮಸೀದಿ, ಮಂದಿರ, ಮದ್ಯದಂಗಡಿ ಮೂರೂ ಅದನ್ನು ನೋಡುತ್ತವೆ. ವೈದ್ಯನೇ, ಈ ಬೇನೆಗೆ ನಿನ್ನ ಚೀಲದಲ್ಲಿ ಮದ್ದುಂಟೆ ಎಂದು ಕವಿ ಕೇಳುತ್ತಾನೆ. 1964ರ ‘ಚಾ ಚಾ ಚಾ’ ಚಿತ್ರಕ್ಕಾಗಿ ಇಕ್ಬಾಲ್ ಖುರೇಷಿಯವರ ಸಂಗೀತದಲ್ಲಿ ಇದನ್ನು ಮಹಮ್ಮದ್ ರಫಿ ಮತ್ತು ಆಶಾ ಭೋಂಸ್ಲೆ ಹಾಡಿದರು. ಕಾಗದದ ಮೇಲೆ ಕವಿಯೊಬ್ಬನೇ ಹೇಳುವ ಕಥೆ, ಜೋಡಿ ಕಂಠದಲ್ಲಿ ಆ ಪ್ರೇಮಿಗಳ ಸ್ವಂತ ಮಾತೇ ಆಯಿತು.

ಎರಡನೆಯದು ಗಜಲ್. ಗಜಲಿನ ಪ್ರತಿ ದ್ವಿಪದಿಯೂ ಸ್ವತಂತ್ರ. ಆದರೆ ಪ್ರತಿಯೊಂದರ ಕೊನೆಗೂ ಒಂದೇ ಪದ ಅಥವಾ ಪದಗುಚ್ಛ ಮರಳಿ ಬರುತ್ತದೆ. ಅದಕ್ಕೆ ರದೀಫ್ ಎನ್ನುತ್ತಾರೆ. ಇಲ್ಲಿಯ ರದೀಫ್ ‘ರಹೀ ರಾತ್ ಭರ್’. ‘ರಾತ್ ಭರ್’ ಅಂದರೆ ಇರುಳಿಡೀ. ಹೇಳುವವರು ಗಂಡೋ ಹೆಣ್ಣೋ ಎಂಬುದನ್ನು ಮೊದಲ ಸಾಲು ತಿಳಿಸುವುದಿಲ್ಲ. 1978ರ ‘ಗಮನ್’ ಚಿತ್ರದಲ್ಲಿ ಜಯದೇವರು ಇದನ್ನು ಛಾಯಾ ಗಂಗೂಲಿಯವರೊಬ್ಬರಿಂದಲೇ ಹಾಡಿಸಿದರು. ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರದ ನಾಯಕ ಉತ್ತರ ಪ್ರದೇಶದ ಹಳ್ಳಿಯಿಂದ ಮುಂಬಯಿಗೆ ಬಂದು ಟ್ಯಾಕ್ಸಿ ಓಡಿಸುವವನು. ಊರಿಗೆ ಮರಳಲು ಹಂಬಲಿಸಿಯೂ ಮರಳಲಾರನು. ಹಳ್ಳಿಯಲ್ಲಿ ಹೆಂಡತಿ ದಾರಿ ಕಾಯುತ್ತಾಳೆ. ಆ ಒಂಟಿ ಕಂಠ ಕೇಳಿಬಂದಾಗ ಗಜಲ್ ಅವಳದಾಗುತ್ತದೆ. ಸಂಬಳ ಸಾಲದ್ದರಿಂದ ಹುಟ್ಟಿದ ವಿರಹವಿದು. ಪರವೂರಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದೂ ಗಜಲೇ, ‘ಫೂಲೋಂ ಕೀ’, ಅಂದರೆ ಹೂಗಳ ಎಂಬುದು ಅದರ ರದೀಫ್. 1982ರ ‘ಬಾಜಾರ್’ ಚಿತ್ರಕ್ಕಾಗಿ ಖಯ್ಯಾಮರ ಸಂಗೀತದಲ್ಲಿ ಲತಾ ಮಂಗೇಶ್ಕರ್ ಮತ್ತು ಹೈದರಾಬಾದಿನವರೇ ಆದ ತಲತ್ ಅಜೀಜ್ ಹಾಡಿದರು. ಬಿಡಿಯಾಗಿ ಕೇಳಿದರೆ ಬರಿಯ ಸುಗಂಧ. ಚಿತ್ರದಲ್ಲಾದರೋ, ಅದು ಹೈದರಾಬಾದಿನ ಬಡ ಹುಡುಗಿ ಮತ್ತವಳ ಪ್ರಿಯಕರನ ಹಾಡು. ಕೊಲ್ಲಿಯಲ್ಲಿ ದುಡಿದು ಬಂದ ಹೆಚ್ಚು ವಯಸ್ಸಿನವನೊಬ್ಬನಿಗೆ ಹಣದಾಸೆಯಿಂದ ಆ ಹುಡುಗಿಯನ್ನು ಮದುವೆಮಾಡಿ ಕೊಡುತ್ತಾರೆ. ಹಾಗಾಗಿ ಹೂವಿನ ಹೆಸರು ಕೇಳಿದಾಗಲೆಲ್ಲ ಎದೆ ಚುರುಕ್ಕೆನ್ನುತ್ತದೆ.

ಮಖ್ದೂಮರು 1969ರಲ್ಲಿ ತೀರಿಕೊಂಡರು. ‘ಬಿಸಾತ್-ಎ-ರಕ್ಸ್’ ಸಂಕಲನಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ವರುಷವೂ ಅದೇ. ಈ ಮೂರರಲ್ಲಿ ಮೊದಲನೆಯ ಚಿತ್ರ ಮಾತ್ರವೇ ಅವರ ಜೀವಿತ ಕಾಲದಲ್ಲಿ ಬಂದದ್ದು. 1978ರಲ್ಲಿ ಫೈಜ್ ಅಹ್ಮದ್ ಫೈಜರು ಅವರ ನೆನಪಿಗಾಗಿ ಅದೇ ‘ರಹೀ ರಾತ್ ಭರ್’ ರದೀಫ್ ಹಿಡಿದು ಗಜಲ್ ಬರೆದರು.

ಕೂಲಿ ಬೇರೆ, ಒಲವು ಬೇರೆ ಎಂದು ನಾವು ವಿಂಗಡಿಸುತ್ತೇವೆ. ಆದರೆ ಕೂಲಿ ಸಾಲದಾದಾಗ ಮೊದಲು ಅಗಲುವವರು ಒಲಿದವರೇ. ಬಿಡುವಾದಾಗ ಈ ಮೂರನ್ನೂ ಒಂದರ ಹಿಂದೊಂದು ಕೇಳಿರಿ. ಉರ್ದು ತಿಳಿಯದಿದ್ದರೆ ನೆರೆಮನೆಯವರನ್ನು ಅರ್ಥ ಕೇಳಿರಿ. ಈ ಊರಿನಲ್ಲಿ ಸಂತೋಷದಿಂದ ಹೇಳಿಕೊಡುವವರು ಸಿಕ್ಕಿಯೇ ಸಿಗುತ್ತಾರೆ.