ಗುಡ್ಡ ಏರುವ ಚಕ್ರಕ್ಕೆ ಸುಂಕ

2025ರ ಸೆಪ್ಟೆಂಬರ್ 1ರಿಂದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಸಾಲಿಗೆ ಹೋಗುವವರು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿ, ವಾಹನಕ್ಕೆ ಶುಲ್ಕ ಕಟ್ಟಬೇಕೆಂಬ ನಿಯಮ ಬಂತು. ಬೆಳಗಿನ ಹೊತ್ತು 600 ವಾಹನ, ಮಧ್ಯಾಹ್ನದ ಮೇಲೆ 600. ಅದಕ್ಕೂ ಹಿಂದೆ, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿ ಜನರಿಂದ ಕಿಕ್ಕಿರಿದಾಗ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ನಿಲ್ಲಿಸಲು ಸೂಚಿಸಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ತೆರೆದು, ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಇಟ್ಟ ಮೇಲೆಯೇ ಚಾರಣ ಮತ್ತೆ ಶುರುವಾಯಿತು. ಪುಷ್ಪಗಿರಿ ವನ್ಯಧಾಮದ ಮಾಂದಲಪಟ್ಟಿಗೆ ಏರುವ ಕೊಡಗಿನ ಜೀಪುಗಳು ಅರಣ್ಯ ಇಲಾಖೆಯ ಪ್ರವೇಶ ಶುಲ್ಕಕ್ಕೆ ಎಷ್ಟೋ ಮೊದಲೇ ಒಗ್ಗಿಕೊಂಡಿದ್ದವು. ಯಾದಗಿರಿ ಜಿಲ್ಲೆಯ ನಮ್ಮ ಸಗರನಾಡಿನ ಗುಡ್ಡಗಳಿಗೆ ಇಂಥ ದಟ್ಟಣೆ ಇನ್ನೂ ಬಂದಿಲ್ಲ. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಬಂಡೆಸಾಲು, ಯಾದಗಿರಿಯ ಕೋಟೆಗುಡ್ಡ, ಹುಣಸಗಿಯ ಹಳ್ಳಕೊಳ್ಳಗಳ ಚಿತ್ರಗಳು ಮಾತ್ರ ಫೋನಿನಿಂದ ಫೋನಿಗೆ ಹರಿದಾಡುತ್ತಿವೆ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ, ಕಲ್ಲುಮಣ್ಣಿನಲ್ಲಿ ಓಡುವ ಬೈಕು ಇಂದು ಜಿಲ್ಲಾ ಕೇಂದ್ರದ ಅಂಗಡಿಯಲ್ಲೇ ಸಿಗುತ್ತವೆ. ಮಲೆನಾಡು ಎಡವಿ ಕಲಿತದ್ದನ್ನು ನಾವು ಎಡವದೆ ಕಲಿಯಬಹುದಾದರೆ ಅದಕ್ಕೆ ಇದೇ ಸಮಯ. ಅದಕ್ಕಾಗಿ, ಎಲ್ಲರ ನೆಲಕ್ಕೆ ಈ ಶುಲ್ಕದ ಗೇಟು ಹೇಗೆ ಬಂತು ಎಂಬುದನ್ನು ಮೊದಲು ನೋಡಬೇಕು.

ಚಕ್ರಕ್ಕೆ ಸುಂಕ ನಮ್ಮ ನೆಲದಲ್ಲಿ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳು ಮತ್ತೆ ಮತ್ತೆ ಬರುತ್ತವೆ. ಎತ್ತು, ಕೋಣ, ಬಂಡಿಗಳ ಮೇಲೆ ಹೇರಿಕೊಂಡು ಹೋಗುವ ಸರಕಿಗೆ ಹೇರಿನ ಲೆಕ್ಕದಲ್ಲಿ ಸುಂಕ ಬೀಳುತ್ತಿತ್ತು. ಸುಂಕ ವಸೂಲಿಯೂ ಒಂದು ಕಾಯಕವೇ ಆಗಿತ್ತೆಂಬುದಕ್ಕೆ ವಚನಕಾರರ ಸಾಲಿನಲ್ಲಿ ಸುಂಕದ ಬಂಕಣ್ಣನವರಿದ್ದಾರೆ. ಆ ಶಾಸನಗಳಲ್ಲಿ ಇವತ್ತಿಗೆ ಮುಖ್ಯವಾದ ಸಂಗತಿ ಸುಂಕದ ದರವಲ್ಲ, ಅದು ಸೇರುತ್ತಿದ್ದ ಜಾಗ. ಸುಂಕದ ಒಂದು ಪಾಲನ್ನು ಅಲ್ಲಿಯದೇ ದೇವಸ್ಥಾನಕ್ಕೋ ಮಠಕ್ಕೋ ಕೆರೆಗೋ ಬಿಟ್ಟುಕೊಟ್ಟ ದತ್ತಿಗಳು ನೂರಾರು ಇವೆ. ಕೆರೆಯ ದುರಸ್ತಿಗೆಂದು ‘ಬಿತ್ತುವಟ್ಟ’ ಬಿಡುವ ಪದ್ಧತಿಯೂ ಇತ್ತು. ಯಾವ ದಾರಿ, ಯಾವ ನೀರು ಜನರಿಗೆ ಒದಗಿತೋ ಅದರ ಪಾಲನೆಗೆ ಅಲ್ಲಿಯದೇ ಆದಾಯ ಎಂಬ ತತ್ವ ಕಲ್ಲಿನಲ್ಲೇ ಕೆತ್ತಿಸಿಕೊಂಡಿತ್ತು. ಇಂದಿನ ಬಳಕೆ ಶುಲ್ಕ ನ್ಯಾಯವೋ ಅನ್ಯಾಯವೋ ಎಂದು ತೂಗಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಾಣುವುದಿಲ್ಲ.

ಈ ತತ್ವ ಮುರಿದದ್ದು ಕಾಡು ಸರ್ಕಾರದ ಆಸ್ತಿಯಾದಾಗ. 1878ರ ಅರಣ್ಯ ಕಾಯ್ದೆ ಬ್ರಿಟಿಷ್ ಸೀಮೆಯಲ್ಲಿ ಕಾಡಿಗೆ ಗೆರೆ ಎಳೆಯಿತು. ಸೊಪ್ಪು, ಸೌದೆ, ಮೇವು ಹಕ್ಕಿನಿಂದ ಪರವಾನಗಿಗೆ ಇಳಿದವು, ಪರವಾನಗಿಗೆ ಹಣ ಬಿತ್ತು, ಹಣ ದೂರದ ಖಜಾನೆಗೆ ಹೋಯಿತು. 1930ರ ಕಾನೂನುಭಂಗ ಚಳವಳಿಯಲ್ಲಿ ಮುಂಬೈ ಕರ್ನಾಟಕದ ರೈತರು ಹುಲ್ಲುಬನ್ನಿ ಎಂಬ ಮೇವಿನ ತೆರಿಗೆ ಕೊಡಲು ನಿರಾಕರಿಸಿದ್ದು ಈ ಸಂಕಟದಿಂದಲೇ. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದಲ್ಲಿ ಗಾಯರಾಣ, ಖಾರೀಜ ಖಾತಾ ಎಂದು ದಾಖಲಾದ ಸರ್ಕಾರಿ ನೆಲಗಳು ಊರ ದನಕುರಿಗಳ ಆಸರೆಯಾಗಿ ಉಳಿದವು. ಏಕೀಕರಣದ ನಂತರ ಬಂದ 1964ರ ಭೂಕಂದಾಯ ಕಾಯ್ದೆ ಇಂಥ ನೆಲವನ್ನು ಉಚಿತ ಮೇವಿಗೆ ಕಾಯ್ದಿರಿಸಲು ಅವಕಾಶ ಕೊಟ್ಟಿತು. ಅದರ ನಿಯಮಗಳು ನೂರು ರಾಸುಗಳಿಗೆ ಸುಮಾರು 30 ಎಕರೆ ಎಂಬ ಲೆಕ್ಕ ಹಾಕಿದವು. ಗಾಯರಾಣದ ಮೇಲೆ ಮೊದಲ ಹಕ್ಕು ಅದರಿಂದ ಹೊಟ್ಟೆ ಹೊರೆಯುವವರದು ಎಂಬುದು ಕಾನೂನು ಒಪ್ಪಿದ ಮಾತು. ವಿಹಾರದ ಸವಾರ ಅವರ ನಂತರ ಬರುವವನು.

ವಿಹಾರಕ್ಕೆ ಬರುವವರಿಂದ ಹಣ ಪಡೆಯುವ ಸ್ಪಷ್ಟ ಕಾನೂನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬಂತು. ಅದರ 27ನೇ ಕಲಂ ವನ್ಯಧಾಮದೊಳಗೆ ಯಾರೂ ಮನಬಂದಂತೆ ಹೋಗದಂತೆ ತಡೆಯಿತು. 28ನೇ ಕಲಂ ಪ್ರವಾಸ, ಛಾಯಾಗ್ರಹಣ, ಅಧ್ಯಯನದಂಥ ಕಾರಣಗಳಿಗೆ ಷರತ್ತು ಹಾಕಿ, ಶುಲ್ಕ ಪಡೆದು ಬಿಡಲು ಅವಕಾಶ ಕೊಟ್ಟಿತು. 2006ರ ತಿದ್ದುಪಡಿ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಪ್ರತಿಷ್ಠಾನ ರಚಿಸುವ ದಾರಿ ತೆರೆದದ್ದರಿಂದ ಗೇಟಿನ ಹಣ ಆಯಾ ಕಾಡಿನಲ್ಲೇ ಉಳಿಯುವಂತಾಯಿತು. ಶಾಸನಗಳ ಹಳೆಯ ತತ್ವ ಹೀಗೆ ಸುತ್ತುಬಳಸಿ ಹಿಂತಿರುಗಿತು. ಆದರೆ ಇವೆಲ್ಲ ವನ್ಯಧಾಮ, ಅಭಯಾರಣ್ಯಗಳ ಮಾತು. ನಮ್ಮ ಮಡ್ಡಿ, ಗಾಯರಾಣ, ಹಳ್ಳದ ದಂಡೆಗಳಿಗೆ ಇವು ತಾಗುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂ ಓದಿದರೆ ಕೊರತೆ ಎದ್ದು ಕಾಣುತ್ತದೆ. ಗೋಮಾಳದಲ್ಲಿ ಮೇಯುವ ದನಕ್ಕೆ ಶುಲ್ಕ, ಜಾತ್ರೆಗೆ ಬರುವ ಯಾತ್ರಿಕರಿಗೆ ಶುಲ್ಕ, ಮೋಟಾರು ವಾಹನ ಬಿಟ್ಟು ಉಳಿದ ವಾಹನಗಳಿಗೆ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದೆ. ಎತ್ತಿನ ಗಾಡಿಗೆ ತೆರಿಗೆ ಹಾಕಬಲ್ಲ ಪಂಚಾಯಿತಿಗೆ, ಅದೇ ಗೋಮಾಳದ ಹುಲ್ಲು ಹರಿದು ಗುಡ್ಡ ಏರುವ ಜೀಪಿಗೆ ಶುಲ್ಕ ಕೇಳುವ ಮಾತು ಆ ಪಟ್ಟಿಯಲ್ಲಿಲ್ಲ.

ಈ ನೆಲದಲ್ಲಿ ಕಾಯುವಂಥದ್ದೇನಿದೆ, ಬರೀ ಬಂಡೆ, ಜಾಲಿ, ಬೀಳು ತಾನೇ ಎನ್ನುವವರಿದ್ದಾರೆ. ಈ ಮಾತೇ ಸಗರನಾಡಿಗೆ ಆಗಿರುವ ದೊಡ್ಡ ಅನ್ಯಾಯ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಹುಣಸಗಿ, ಬೈಚಬಾಳ ಕಣಿವೆಗಳನ್ನು ಶೋಧಿಸಿ ಹಳೆ ಶಿಲಾಯುಗದ ನೆಲೆಗಳನ್ನು ಸಾಲುಸಾಲಾಗಿ ಗುರುತಿಸಿದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗಕ್ಕೆ ಸುಮಾರು 12 ಲಕ್ಷ ವರ್ಷಗಳ ಕಾಲಮಾನ ಸಿಕ್ಕಿದೆ. ಸುರಪುರ ಸೀಮೆಯ ಬೂದಿಹಾಳದ ಬೂದಿಗುಡ್ಡ ನವಶಿಲಾಯುಗದ ದನಗಾಹಿಗಳು ಹಟ್ಟಿ ಕಟ್ಟಿಕೊಂಡು, ಸಗಣಿ ಗುಡ್ಡೆಹಾಕಿ ಸುಟ್ಟ ಕುರುಹು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಗುಂಡುಗಳು ಸಾಲುಸಾಲಾಗಿ ಜೋಡಿಸಿದಂತೆಯೇ ಉಳಿದಿವೆ. ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಯ ಗೋರಿಮನೆಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ. ಇಂಥ ನೆಲೆಗಳಲ್ಲಿ ಚರಿತ್ರೆ ಮಣ್ಣಿನ ಮೇಲ್ಪದರದಲ್ಲೇ ಹರಡಿಕೊಂಡಿರುತ್ತದೆ. ಯಾವ ಕಲ್ಲು ಯಾವುದರ ಪಕ್ಕ ಬಿದ್ದಿದೆ ಎಂಬುದರಲ್ಲೇ ಅದರ ಅರ್ಥವಿದೆ. ದಪ್ಪ ಹಲ್ಲಿನ ಟೈರು ಒಮ್ಮೆ ಉರುಳಿದರೂ ಆ ಸಂಬಂಧ ಕದಡುತ್ತದೆ, ಆಮೇಲೆ ಎಷ್ಟು ದಂಡ ಹಾಕಿದರೂ ಅದು ಮರಳುವುದಿಲ್ಲ. ಜೀವಿಗಳ ಮಾತೂ ಹೀಗೆಯೇ. ದಖ್ಖನ್ನಿನ ಹುಲ್ಲುಗಾವಲು ಸರ್ಕಾರಿ ನಕ್ಷೆಗಳಲ್ಲಿ ಬಂಜರು ಎಂದು ದಾಖಲಾಗಿದ್ದರೂ ತೋಳ, ನರಿ, ನೆಲದ ಮೇಲೇ ಮೊಟ್ಟೆಯಿಡುವ ಗೌಜಲು ಮತ್ತು ಬಾನಾಡಿಗಳ ಮನೆ ಅದೇ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕಾಗಿಯೇ ಧಾಮ ಮಾಡಬೇಕಾಗಿ ಬಂದದ್ದು ಈ ಅರಿವಿನಿಂದ. ಇನ್ನು ಮಣ್ಣು: ಮಳೆಗಾಲದಲ್ಲಿ ಎರಿಭೂಮಿಯ ಮೇಲೆ ಬಿದ್ದ ಆಳದ ಜಾಡು ಮುಂದಿನ ಮಳೆಗೆ ನೀರಿನ ದಾರಿಯಾಗುತ್ತದೆ, ಕೆಲವೇ ವರ್ಷಗಳಲ್ಲಿ ಕೊರಕಲಾಗುತ್ತದೆ.

ಹಾಗಾಗಿ ನನ್ನ ವಾದ ಇಷ್ಟು. ಶುಲ್ಕವೆಂದರೆ ನೆಲದ ಬೆಲೆಯಲ್ಲ, ನೆಲದ ಪಾಲನೆಯ ಋಣ. ಅದನ್ನು ಕೇಳುವ ಮೊದಲು ಚಕ್ರ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಎಂದೂ ಹೋಗಬಾರದು ಎಂಬ ಗೆರೆ ಬೀಳಬೇಕು. ವಿಹಾರದ ಸವಾರಿ ಅಮೆರಿಕದಲ್ಲಿ ನಮಗಿಂತ ಬಹಳ ಮೊದಲೇ ಬೆಳೆಯಿತು. ಕ್ಯಾಲಿಫೋರ್ನಿಯಾ ರಾಜ್ಯ 1971ರಲ್ಲಿ ಕಾನೂನು ಮಾಡಿ ರಸ್ತೆಯಾಚೆ ಓಡುವ ಗಾಡಿಗಳನ್ನು ನೋಂದಾಯಿಸಿತು. ಆ ನೋಂದಣಿಯ ಹಣವನ್ನೂ ಇಂಧನ ತೆರಿಗೆಯ ಪಾಲನ್ನೂ ಅವುಗಳ ಓಡಾಟದ ನೆಲದ ನಿರ್ವಹಣೆಗೇ ಮೀಸಲಿಟ್ಟಿತು. ಮರುವರ್ಷ ಅಧ್ಯಕ್ಷ ನಿಕ್ಸನ್ ಅವರ ಆದೇಶವು ಸಾರ್ವಜನಿಕ ಭೂಮಿಯಲ್ಲಿ ಇಂಥ ಗಾಡಿಗಳಿಗೆ ತೆರೆದ ಮತ್ತು ಮುಚ್ಚಿದ ಜಾಗಗಳನ್ನು ಗುರುತಿಸುವಂತೆ ಒಕ್ಕೂಟದ ಇಲಾಖೆಗಳಿಗೆ ಹೇಳಿತು. ಅಲ್ಲಿಯ ಒಕ್ಕೂಟದ 2004ರ ಕಾಯ್ದೆ ಬಳಕೆ ಶುಲ್ಕದ ಕನಿಷ್ಠ ಶೇ 80 ಭಾಗ ವಸೂಲಾದ ಜಾಗದಲ್ಲೇ ಉಳಿಯಬೇಕೆಂದಿತು. ಯಾವ ಸೌಲಭ್ಯವನ್ನೂ ಬಳಸದೆ ಸರ್ಕಾರಿ ಕಾಡಿನಲ್ಲಿ ನಡೆದು ಹೋಗುವವರಿಂದ ಹಣ ಕೇಳುವಂತಿಲ್ಲ ಎಂದೂ ಅದೇ ಕಾಯ್ದೆ ತಡೆ ಹಾಕಿತು. ಅಲ್ಲಿಯ ಜಗಳಗಳು ಇನ್ನೂ ಮುಗಿದಿಲ್ಲ. ಆದರೂ ಗೆರೆ ಮೊದಲು, ಶುಲ್ಕ ಆಮೇಲೆ, ಹಣ ಅಲ್ಲಿಯೇ, ಕಾಲಿಗೆ ವಿನಾಯಿತಿ ಎಂಬ ನಾಲ್ಕು ಸೂತ್ರಗಳು ಅಲ್ಲಿ ಮೂರು ದಶಕಗಳ ಅನುಭವದಿಂದ ಮೂಡಿದವು.

ಇದಕ್ಕೆ ಬರುವ ಮೊದಲ ಆಕ್ಷೇಪ: ಸಾರ್ವಜನಿಕ ನೆಲ ಸಾರ್ವಜನಿಕರದು, ಗಾಡಿ ಕೊಳ್ಳುವಾಗಲೇ ತೆರಿಗೆ ಕಟ್ಟಿದ್ದೇವೆ, ಮತ್ತೆ ಹಣವೇಕೆ? 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ಕಟ್ಟುವ ತೆರಿಗೆಯಿಂದ ಮಡ್ಡಿಯಲ್ಲಿ ಬಿದ್ದ ಜಾಡನ್ನು ಯಾರೂ ಮುಚ್ಚುವುದಿಲ್ಲ. ಎಲ್ಲರದು ಎಂದಮೇಲೆ, ಒಬ್ಬನ ಖುಷಿಯಿಂದ ಆದ ಸವಕಳಿಯನ್ನು ಅಲ್ಲಿ ಎಂದೂ ಗಾಡಿ ಓಡಿಸದವರೂ ಹೊರಬೇಕೇ? ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು: ಶುಲ್ಕ ಬಂದರೆ ಗುಡ್ಡ ಕಾಸಿದ್ದವರ ಪಾಲಾಗುತ್ತದೆ. ನಡೆದು ಬರುವವರಿಗೆ, ಸೈಕಲ್ಲಿನವರಿಗೆ, ಶಾಲೆಯ ಮಕ್ಕಳಿಗೆ ಶುಲ್ಕ ಹಾಕಿದರೆ ಈ ಮಾತು ನಿಜವಾಗುತ್ತದೆ, ಅದನ್ನು ನಾನೂ ವಿರೋಧಿಸುತ್ತೇನೆ. ಎಂಜಿನ್ನಿನ ವಿಹಾರಕ್ಕೆ ಮಾತ್ರ ಶುಲ್ಕವಿಟ್ಟರೆ ಬಡವನ ದಾರಿ ಮುಚ್ಚುವುದಿಲ್ಲ. ಟ್ರ್ಯಾಕ್ಟರ್ ಕಟ್ಟಿಕೊಂಡು ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನಿಗೆ ಹೋಗುವವರು, ತಿಂಥಣಿ ಮೌನೇಶ್ವರನ ಜಾತ್ರೆಗೆ ಬರುವವರು, ಹೊಲಕ್ಕೆ ಗೊಬ್ಬರ ಸಾಗಿಸುವವರು, ಕುರಿಹಿಂಡಿನ ಹಿಂದೆ ನಡೆಯುವವರು ಈ ಲೆಕ್ಕಕ್ಕೆ ಬರಲೇಬಾರದು. ಗಾಡಿಯ ಜಾತಿ ನೋಡದೆ, ಅದು ಹೋಗುವ ಉದ್ದೇಶ ನೋಡಿ ನಿಯಮ ಮಾಡಬೇಕು.

ಮೂರನೆಯ ಆಕ್ಷೇಪ ಪರಿಸರದ ಕಾಳಜಿಯವರದು: ಹಣ ಕಟ್ಟಿದವನಿಗೆ ಹಾಳುಮಾಡುವ ಹಕ್ಕು ಸಿಕ್ಕಂತಾಗುತ್ತದೆ, ಪೂರ್ತಿ ನಿಷೇಧಿಸಿ. ಇಸಾಂಪುರ, ಬೂದಿಹಾಳ, ವಿಭೂತಿಹಳ್ಳಿ, ರಾಜನಕೋಳೂರು, ಬೋನಾಳ ಕೆರೆಯ ದಂಡೆ, ಹಕ್ಕಿ ಮೊಟ್ಟೆಯಿಡುವ ಹುಲ್ಲುಗಾವಲು, ಇಲ್ಲೆಲ್ಲ ನಿಷೇಧವೇ ಸರಿ, ಎಷ್ಟು ಹಣ ಕೊಟ್ಟರೂ ಬಿಡಬಾರದು. ಉಳಿದ ಕಡೆ ಪೂರ್ತಿ ನಿಷೇಧ ಕಾಗದದಲ್ಲಿ ಮಾತ್ರ ಉಳಿಯುತ್ತದೆ, ಏಕೆಂದರೆ ವಿಶಾಲ ಬಯಲನ್ನು ಕಾಯುವ ಸಿಬ್ಬಂದಿ ಯಾವ ಇಲಾಖೆಯಲ್ಲೂ ಇಲ್ಲ. ಈಗಾಗಲೇ ಬಂಡಿ ಜಾಡು ಇರುವ ಕೆಲವು ದಾರಿಗಳನ್ನು ಗುರುತಿಸಿಕೊಟ್ಟು, ಶುಲ್ಕದಿಂದ ಊರಿನವರನ್ನೇ ಕಾವಲಿಗೆ ನೇಮಿಸಿದರೆ ಗುಡ್ಡಕ್ಕೆ ಕಣ್ಣು ಬರುತ್ತದೆ. ನಾಲ್ಕನೆಯವರು ಕೇಳುವುದು: ನಿಜವಾದ ಹಾನಿ ಕೃಷ್ಣೆ, ಭೀಮೆಯ ಒಡಲಿನ ಮರಳು ತುಂಬುವ ಟಿಪ್ಪರುಗಳದು, ಕಲ್ಲುಕ್ವಾರಿಗಳದು, ನಾಲ್ಕು ಜೀಪಿನ ಹಿಂದೆ ಬೀಳುವುದೇಕೆ? ಅವುಗಳ ಹಾನಿ ದೊಡ್ಡದು, ಒಪ್ಪುತ್ತೇನೆ. ಆದರೆ ಗಣಿ ನೆಲದ ಅನುಭವವೂ ಇದೇ ತತ್ವದ ಕಡೆಗೆ ಕೈ ತೋರುತ್ತದೆ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ರಚಿಸಿದ್ದು, ಗಣಿಯ ಹಣದ ಒಂದು ಪಾಲು ಗಣಿಯಿಂದ ನೊಂದ ಊರಿಗೇ ಮರಳಬೇಕೆಂದು. ಅಲ್ಲಿ ನೆಲ ತೋಡಿ ಮುಗಿದ ಮೇಲೆ ಬಂದ ನ್ಯಾಯವನ್ನು ಇಲ್ಲಿ ಜಾಡು ಬೀಳುವ ಮೊದಲೇ ತರಬಹುದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಯಾದಗಿರಿ ಜಿಲ್ಲಾಡಳಿತ ಅರಣ್ಯ, ಪುರಾತತ್ವ, ಪ್ರವಾಸೋದ್ಯಮ ಇಲಾಖೆಗಳನ್ನು ಒಟ್ಟಿಗೆ ಕೂರಿಸಿ, ಕುರಿಗಾಹಿಗಳ ಮತ್ತು ಗ್ರಾಮಸಭೆಗಳ ಮಾತು ಕೇಳಿ, ಯಾದಗಿರಿ, ಶಹಾಪುರ, ಸುರಪುರ, ಹುಣಸಗಿ ಸೀಮೆಯ ಗುಡ್ಡ-ಮಡ್ಡಿಗಳ ಒಂದು ನಕ್ಷೆ ಮಾಡಲಿ. ಚಕ್ರಕ್ಕೆ ಮುಚ್ಚಿದ ಜಾಗಗಳು ಅದರಲ್ಲಿ ಮೊದಲು ದಾಖಲಾಗಲಿ. ವಿಹಾರದ ಮೋಟಾರು ವಾಹನಕ್ಕೆ ಶುಲ್ಕ ಪಡೆಯುವ ಅಧಿಕಾರವನ್ನು ಪಂಚಾಯಿತಿಗಳಿಗೆ ಕೊಡಲು ಸರ್ಕಾರ ಕಾಯ್ದೆಯನ್ನು ತಿದ್ದಲಿ. ವಸೂಲಾದ ಪ್ರತಿ ರೂಪಾಯಿಯ ಲೆಕ್ಕ ಪಂಚಾಯಿತಿ ಕಟ್ಟೆಯ ಫಲಕದಲ್ಲಿ ಬರೆಯುವಂತಾಗಲಿ. ಹೊರಗಿನಿಂದ ಗಾಡಿ ತರುವ ಸವಾರರಲ್ಲಿ ನನ್ನ ವಿನಂತಿ ಒಂದೇ: ಬಿದ್ದ ಜಾಡು ಬಿಟ್ಟು ಹೊಸ ಜಾಡು ಮಾಡಬೇಡಿ, ಕೇಳಿದ ಶುಲ್ಕ ಕೊಡಿ, ಕೊಟ್ಟ ಮೇಲೆ ಅದು ಎಲ್ಲಿಗೆ ಹೋಯಿತೆಂದು ತಪ್ಪದೆ ಕೇಳಿ. ಹಾಗೆ ಕೇಳುವ ಹಕ್ಕು ಶುಲ್ಕದ ಜೊತೆಗೇ ಬರುತ್ತದೆ. ಅದನ್ನು ನೀವು ಬಳಸಿದರೆ ಮಾತ್ರ ಈ ಹಣ ಸಗರನಾಡಿನ ಗುಡ್ಡಗಳಲ್ಲಿ ಉಳಿಯುತ್ತದೆ.